ಮುಳ್ಳುಗೋಲಿನಿಂದ ಕೇಂದ್ರದವರೆಗೆ: ‘ಕೆಂತ್ರೊನ್’ ಎಂಬ ಗ್ರೀಕ್ ಪದದ ಜಾಡು ಹಿಡಿಯಲು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಯಾವುದೇ ತಾಲ್ಲೂಕು ಪಟ್ಟಣದ ಬಸ್ ನಿಲ್ದಾಣದ ಸುತ್ತ ಸ್ವಲ್ಪ ದೂರ ನಡೆದರೆ ‘ಸೇವಾ ಕೇಂದ್ರ’ ಎಂಬ ಒಂದು ಫಲಕವೂ ‘ಮೊಬೈಲ್ ಸರ್ವಿಸ್ ಸೆಂಟರ್’ ಎಂಬ ಇನ್ನೊಂದು ಫಲಕವೂ ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಸಂಸ್ಕೃತ, ಎರಡನೆಯದು ಇಂಗ್ಲಿಷ್ ಎಂದು ನಾವು ಯೋಚಿಸದೆಯೇ ಭಾಗ ಮಾಡಿಬಿಡುತ್ತೇವೆ. ಆದರೆ ಕೇಂದ್ರವೂ ಸೆಂಟರೂ ಒಂದೇ ತಾಯಿಯ ಮಕ್ಕಳು. ಒಬ್ಬ ಪೂರ್ವದ ದಾರಿಯಲ್ಲಿ ಬಂದ, ಇನ್ನೊಬ್ಬ ಪಶ್ಚಿಮವನ್ನು ಸುತ್ತಿಕೊಂಡು ಬಂದ. ಆ ತಾಯಿಯ ಹೆಸರು ‘ಕೆಂತ್ರೊನ್’. ಗ್ರೀಕ್ ಭಾಷೆಯ ಅತಿ ಹಳೆಯ ಕಾವ್ಯದಲ್ಲಿ ಅದರ ಅರ್ಥ ನಡುವೂ ಅಲ್ಲ, ಮಧ್ಯಬಿಂದುವೂ ಅಲ್ಲ. ಕುದುರೆಯನ್ನು ತಿವಿದು ಓಡಿಸುವ ಮೊನೆಗೋಲಿಗೆ ಆ ಹೆಸರಿತ್ತು.

ಪ್ರಾಚೀನ ಪದವೊಂದರ ಮೂಲವನ್ನೂ ಅದು ಕಾಲಕಾಲಕ್ಕೆ ಪಡೆದ ಅರ್ಥಗಳನ್ನೂ ಗ್ರೀಕ್ ಬಾರದ ಕನ್ನಡದ ಓದುಗರು ಸ್ವತಃ ಹುಡುಕಿಕೊಳ್ಳುವ ಬಗೆಯನ್ನು ಈ ಒಂದೇ ಪದವನ್ನು ಹಿಡಿದು ಹಂತಹಂತವಾಗಿ ಇಲ್ಲಿ ವಿವರಿಸಲಾಗಿದೆ. ಪದ ಬೇರೆಯಾದರೂ ಕ್ರಮ ಇದೇ.

ಹೊರಡುವ ಮುನ್ನ

ಒಂದು ನೋಟ್‌ಪುಸ್ತಕವನ್ನು ತೆರೆದು ಪ್ರತಿ ಪುಟದಲ್ಲಿ ನಾಲ್ಕು ಕಲಮುಗಳನ್ನು ಎಳೆಯಿರಿ: ಕಾಲ, ಗ್ರಂಥ, ಸನ್ನಿವೇಶ, ಅರ್ಥ. ಮೂರನೆಯ ಕಲಮು ಅಗಲವಾಗಿರಲಿ, ನಾಲ್ಕನೆಯದನ್ನು ಕೊನೆಯವರೆಗೂ ಪೆನ್ಸಿಲಿನಲ್ಲಿಯೇ ತುಂಬಿಸಿ. ಸನ್ನಿವೇಶವನ್ನು ಬರೆಯದೆ ಅರ್ಥವನ್ನಷ್ಟೇ ನಿಘಂಟಿನಿಂದ ನಕಲು ಮಾಡಿಕೊಂಡವರು ಎರಡು ದಿನದ ನಂತರ ತಮ್ಮ ಪಟ್ಟಿಯನ್ನು ತಾವೇ ಅರ್ಥಮಾಡಿಕೊಳ್ಳಲಾರದೆ ಕೂರುವುದನ್ನು ನಾನು ಕಂಡಿದ್ದೇನೆ.

ಉಪಕರಣಗಳು ಹೆಚ್ಚೇನೂ ಬೇಡ. ಗ್ರೀಕ್ ಪದಗಳಿಗೆ ಲಿಡೆಲ್ ಮತ್ತು ಸ್ಕಾಟ್ ಅವರ ಗ್ರೀಕ್–ಇಂಗ್ಲಿಷ್ ನಿಘಂಟು ಇದೆ. 1843ರಲ್ಲಿ ಮೊದಲು ಅಚ್ಚಾಗಿ, ಜೋನ್ಸ್ ಅವರ ಪರಿಷ್ಕರಣೆಯೊಂದಿಗೆ 1940ರಲ್ಲಿ ಒಂಬತ್ತನೆಯ ಆವೃತ್ತಿಯನ್ನು ಕಂಡ ಈ ಗ್ರಂಥವನ್ನು ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ನೋಡಬಹುದು, ಮೂಲಕೃತಿಗಳೂ ಅವುಗಳ ಅನುವಾದಗಳೂ ಅಲ್ಲಿಯೇ ಸಿಗುತ್ತವೆ. ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್ ಅವರ 1899ರ ನಿಘಂಟು, ಕನ್ನಡಕ್ಕೆ ಕಿಟೆಲ್ ಅವರ 1894ರ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಸಾಕು. ಗ್ರೀಕ್ ವ್ಯಾಕರಣವನ್ನು ಕಲಿಯಬೇಕಾಗಿಲ್ಲ. ಇಪ್ಪತ್ತನಾಲ್ಕು ಅಕ್ಷರಗಳ ಗುರುತು ಹಿಡಿಯಲು ಬಂದರೆ ಕೆಲಸ ಸಾಗುತ್ತದೆ, ಅದಕ್ಕೆ ಒಂದು ಸಂಜೆ ಸಾಕು.

ಮೊದಲ ಹೆಜ್ಜೆ: ಪದವನ್ನು ಸರಿಯಾಗಿ ಬರೆದುಕೊಳ್ಳಿ

ನಮ್ಮ ಪದದಲ್ಲಿ ಏಳು ಅಕ್ಷರಗಳಿವೆ: ಕಪ್ಪಾ, ಎಪ್ಸಿಲಾನ್, ನ್ಯೂ, ಟೌ, ರೋ, ಒಮಿಕ್ರಾನ್, ನ್ಯೂ. ಇದನ್ನು ಇಂಗ್ಲಿಷ್ ಕಣ್ಣಿನಿಂದ ನೋಡಿ ‘ಕೆಂಟ್ರಾನ್’ ಎಂದು ಬರೆಯುವ ಅಭ್ಯಾಸವಿದೆ, ಆದರೆ ಗ್ರೀಕಿನ ಟೌ ನಮ್ಮ ತಕಾರದಂತೆ ಹಲ್ಲಿಗೆ ತಾಗುವ ಅಕ್ಷರವಾದ್ದರಿಂದ ‘ಕೆಂತ್ರೊನ್’ ಎಂಬುದೇ ಮೂಲಕ್ಕೆ ಹತ್ತಿರ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಗ್ರೀಕಿನಲ್ಲಿ ಹ್ರಸ್ವ ಎಕಾರಕ್ಕೆ ಎಪ್ಸಿಲಾನ್, ದೀರ್ಘ ಏಕಾರಕ್ಕೆ ಈಟಾ, ಹ್ರಸ್ವ ಒಕಾರಕ್ಕೆ ಒಮಿಕ್ರಾನ್, ದೀರ್ಘ ಓಕಾರಕ್ಕೆ ಒಮೆಗಾ ಎಂದು ಪ್ರತ್ಯೇಕ ಅಕ್ಷರಗಳಿವೆ. ಕನ್ನಡ ಲಿಪಿಯಲ್ಲಿಯೂ ಈ ನಾಲ್ಕೂ ಬೇರೆಬೇರೆಯಾಗಿರುವುದರಿಂದ ಗ್ರೀಕ್ ಸ್ವರಗಳ ಅಳತೆಯನ್ನು ನಾವು ಕಳೆದುಕೊಳ್ಳದೆ ಬರೆಯಬಲ್ಲೆವು. ಸಂಸ್ಕೃತದಲ್ಲಿ ಹ್ರಸ್ವ ಎಕಾರವಿಲ್ಲ. ಗ್ರೀಕಿನ ‘ಕೆಂ’ ಸಂಸ್ಕೃತಕ್ಕೆ ಬಂದಾಗ ‘ಕೇಂ’ ಆಗಿ ನಿಂತುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ರೂಪದ ಜೊತೆಗೆ ಲಿಂಗ ಮತ್ತು ವಚನವನ್ನೂ ಬರೆದುಕೊಳ್ಳಿ. ಕೆಂತ್ರೊನ್ ನಪುಂಸಕಲಿಂಗ, ಬಹುವಚನ ‘ಕೆಂತ್ರ’. ಇಂದಿನ ಗ್ರೀಕರ ಬಾಯಲ್ಲಿ ಇದೇ ಪದ ಕೊನೆಯ ನಕಾರವನ್ನು ಕಳೆದುಕೊಂಡು, ಅನುನಾಸಿಕದ ನಂತರದ ತಕಾರ ದಕಾರವಾಗಿ ‘ಕೆಂದ್ರೊ’ ಎಂದು ಕೇಳಿಸುತ್ತದೆ. ಅಥೆನ್ಸಿನಲ್ಲಿ ಊರ ನಡುಭಾಗಕ್ಕೆ ಹೋಗುವ ಬಸ್ಸಿನ ಬಗ್ಗೆ ವಿಚಾರಿಸುವ ಕನ್ನಡಿಗನಿಗೆ ಈ ಪದಕ್ಕೆ ದುಭಾಷಿ ಬೇಕಾಗಲಾರದು.

ಎರಡನೆಯ ಹೆಜ್ಜೆ: ನಾಮಪದದ ಹಿಂದಿರುವ ಕ್ರಿಯೆಯನ್ನು ಹುಡುಕಿ

ನಾಮಪದದ ಅರ್ಥ ಮಸುಕಾಗಿದ್ದಾಗ ಅದಕ್ಕೆ ಹುಟ್ಟು ಕೊಟ್ಟ ಕ್ರಿಯಾಪದ ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ. ನಿಘಂಟಿನಲ್ಲಿ ಕೆಂತ್ರೊನ್ ಪಕ್ಕದಲ್ಲಿಯೇ ‘ಕೆಂತೆಓ’ ಎಂಬ ಕ್ರಿಯಾಪದವಿದೆ. ಅದರ ಅರ್ಥ ಚುಚ್ಚು, ತಿವಿ, ಕುಟುಕು. ಪದದ ಕೊನೆಯಲ್ಲಿ ಕೇಳುವ ‘ತ್ರೊನ್’ ಸಾಧನವನ್ನು ಸೂಚಿಸುವ ಅಂತ್ಯ. ಉಳುವ ಸಾಧನವಾದ ನೇಗಿಲಿಗೆ ಗ್ರೀಕಿನಲ್ಲಿ ‘ಅರೊತ್ರೊನ್’ ಎನ್ನುತ್ತಾರೆ. ಸಂಸ್ಕೃತದಲ್ಲಿ ಅಗೆಯುವ ಸಾಧನ ಖನಿತ್ರ, ಕೊಯ್ಯುವ ಸಾಧನ ದಾತ್ರ ಎಂದಾಗುವುದೂ ಇದೇ ಬಗೆಯಲ್ಲಿ. ಎರಡು ಭಾಷೆಗಳೂ ಒಂದೇ ಕುಟುಂಬಕ್ಕೆ ಸೇರಿರುವುದರಿಂದ ಈ ಅಂತ್ಯಗಳು ಅಣ್ಣತಮ್ಮಂದಿರು. ಹೀಗೆ ಬಿಡಿಸಿದಾಗ ಕೆಂತ್ರೊನ್ ಎಂದರೆ ಚುಚ್ಚುವ ಸಾಧನ. ನಿಘಂಟೂ ‘ಮೊನೆಯುಳ್ಳ ಯಾವುದೇ ವಸ್ತು’ ಎಂಬ ಅರ್ಥದಿಂದಲೇ ಆರಂಭವಾಗುತ್ತದೆ.

ಇಷ್ಟಕ್ಕೇ ನಿಲ್ಲದೆ ಅದೇ ಧಾತುವಿನಿಂದ ಹುಟ್ಟಿದ ನೆಂಟರನ್ನೂ ಕಲೆಹಾಕಿ. ಸೂಜಿಯಿಂದ ಚುಚ್ಚಿ ಹೊಲಿದ, ಕಸೂತಿ ಹಾಕಿದ ಬಟ್ಟೆಗೆ ‘ಕೆಸ್ತೊಸ್’ ಎಂಬ ವಿಶೇಷಣವಿದೆ. ಹೋಮರ್ ಕವಿಯ ಇಲಿಯಡ್ ಕಾವ್ಯದ ಹದಿನಾಲ್ಕನೆಯ ಪರ್ವದಲ್ಲಿ ಅಫ್ರೊದೀತೆ ದೇವಿ ಹೇರಾಳಿಗೆ ಎರವಲು ಕೊಡುವ ಮೋಹಕವಾದ ಪಟ್ಟಿ ಅಂಥದ್ದು. ಇಂದಿನ ಗ್ರೀಕಿನಲ್ಲಿ ಕಸೂತಿಗೆ ಇದೇ ಧಾತುವಿನ ‘ಕೆಂದಿಮ’ ಎಂಬ ಪದ ಬಳಕೆಯಲ್ಲಿದೆ. ಮರಕ್ಕೆ ಸೀಳು ಹಾಕಿ ಕಸಿ ಕಟ್ಟುವುದಕ್ಕೆ ‘ಎನ್‌ಕೆಂತ್ರಿಜೋ’ ಎಂಬ ಕ್ರಿಯಾಪದವಿತ್ತು. ಬೈಬಲಿನಲ್ಲಿ ಪೌಲನು ರೋಮಿನವರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಕಾಡು ಆಲಿವ್ ಮರದ ಕೊಂಬೆಯನ್ನು ತೋಟದ ಮರಕ್ಕೆ ಕಸಿ ಮಾಡುವ ಹೋಲಿಕೆಯಲ್ಲಿ ಅದು ಬರುತ್ತದೆ. ಕುದುರೆ ಓಡಿಸುವವನು, ಕಸೂತಿಯವಳು, ತೋಟಗಾರ, ಮೂವರ ಕೈಯಲ್ಲಿಯೂ ಮೊನಚಾದುದೊಂದು ಇದೆ. ಧಾತುವಿನ ಬಗ್ಗೆ ಇನ್ನು ಸಂಶಯ ಬೇಡ.

ಮೂರನೆಯ ಹೆಜ್ಜೆ: ಹಳೆಯ ವಾಕ್ಯಗಳನ್ನು ಅವುಗಳ ಸ್ಥಳದಲ್ಲಿಯೇ ಓದಿ

ಹೆಚ್ಚು ಸಮಯ ಬೇಡುವ ಹೆಜ್ಜೆ ಇದು, ಹೆಚ್ಚು ಸಂತೋಷ ಕೊಡುವುದೂ ಇದೇ. ನಿಘಂಟು ಪ್ರತಿ ಅರ್ಥದ ಮುಂದೆ ಗ್ರಂಥದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಕೊಟ್ಟಿರುತ್ತದೆ. ಅವುಗಳಲ್ಲಿ ಹತ್ತನ್ನಾದರೂ ತೆರೆದು, ಆ ಸಾಲಿನ ಹಿಂದಿನ ಇಪ್ಪತ್ತು ಮುಂದಿನ ಇಪ್ಪತ್ತು ಸಾಲುಗಳನ್ನು ಅನುವಾದದಲ್ಲಿ ಓದಿ, ನಂತರವೇ ಕಲಮು ತುಂಬಿಸಿ.

ಇಲಿಯಡ್‌ನ ಇಪ್ಪತ್ತಮೂರನೆಯ ಪರ್ವದಲ್ಲಿ ಪಾತ್ರೊಕ್ಲೊಸನ ಅಂತ್ಯಕ್ರಿಯೆಯ ಗೌರವಾರ್ಥ ರಥದ ಓಟ ನಡೆಯುತ್ತದೆ. ಮುದುಕ ನೆಸ್ತೊರ್ ತನ್ನ ಮಗನಿಗೆ ತಿರುವಿನಲ್ಲಿ ಬಲಗಡೆಯ ಕುದುರೆಯನ್ನು ಕೂಗಿ ತಿವಿಯಬೇಕೆಂದು ಬುದ್ಧಿ ಹೇಳುವಾಗ, 337ನೆಯ ಸಾಲಿನಲ್ಲಿ ಕವಿ ಬಳಸುವುದು ಕೆಂತೆಓ ಎಂಬುದರ ಒಂದು ರೂಪವನ್ನು. ಮುಂದೆ ಅಪೊಲೊ ದೇವನು ದಿಯೊಮೇದೇಸನ ಕೈಯಿಂದ ಚಾವಟಿಯನ್ನು ಉರುಳಿಸುತ್ತಾನೆ. ಅಲ್ಲಿಂದ ಮೂರು ಸಾಲು ದಾಟಿದ ಮೇಲೆ ಕವಿ, ಅವನ ಕುದುರೆಗಳು ಕೆಂತ್ರೊನ್ ಇಲ್ಲದೆ ಓಡುತ್ತ ಹಿಂದೆ ಬಿದ್ದವು ಎನ್ನುತ್ತಾನೆ. ಬಿದ್ದದ್ದು ಚಾವಟಿ, ಇಲ್ಲವಾದದ್ದು ಮೊನೆಗೋಲು! ಅಂದರೆ ಹೋಮರನ ಕಾಲಕ್ಕಾಗಲೇ ಪದ ತನ್ನ ಕಟ್ಟುನಿಟ್ಟಾದ ಅರ್ಥವನ್ನು ಸಡಿಲಿಸಿ, ಪ್ರಾಣಿಯನ್ನು ಮುನ್ನುಗ್ಗಿಸುವ ಯಾವುದೇ ಸಾಧನಕ್ಕೆ ಸಲ್ಲುತ್ತಿತ್ತು. ನಿಘಂಟಿನ ಒಂದು ಸಾಲಿನ ಅರ್ಥವನ್ನು ನಕಲು ಮಾಡಿ ಮುಂದೆ ಹೋದವರಿಗೆ ಇದು ಕಾಣಿಸುವುದಿಲ್ಲ.

ನಮ್ಮ ರೈತರ ಮುಳ್ಳುಗೋಲನ್ನು ನೆನೆದುಕೊಂಡರೆ ಮುಂದಿನ ಉದಾಹರಣೆ ಸುಲಭ. ತಿವಿತಕ್ಕೆ ರೇಗಿದ ಎತ್ತು ಹಿಂಗಾಲಿನಿಂದ ಒದ್ದರೆ ಮೊನೆ ಅದರ ಕಾಲಿಗೇ ನಾಟುತ್ತದೆ. ಈ ಅನುಭವದಿಂದ ಹುಟ್ಟಿದ ‘ಕೆಂತ್ರೊನ್ ಮೇಲೆ ಒದೆಯುವುದು’ ಎಂಬ ಗಾದೆಯನ್ನು ಪಿಂದಾರ್ ಕವಿ ಬಳಸಿದ್ದಾನೆ, ಈಸ್ಕಿಲಸನ ಅಗಮೆಮ್ನೊನ್ ನಾಟಕದಲ್ಲಿದೆ, ಯೂರಿಪಿಡೀಸನ ಬಾಖೆ ನಾಟಕದಲ್ಲಿದೆ. ಕೊನೆಗೆ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ ದಮಸ್ಕದ ದಾರಿಯಲ್ಲಿ ಸೌಲನಿಗೆ ಕೇಳಿಸಿದ ದನಿಯೂ ಅದನ್ನೇ ಆಡುತ್ತದೆ. ಒಂದೇ ಗಾದೆ ಐದು ಶತಮಾನಗಳಿಗೂ ಮಿಗಿಲಾಗಿ ಬದುಕಿದೆಯೆಂದರೆ, ಮುಳ್ಳುಗೋಲೆಂಬ ಅರ್ಥ ಅಷ್ಟೂ ಕಾಲ ಜನರ ಬಾಯಲ್ಲಿ ಜೀವಂತವಾಗಿತ್ತೆಂದು ತಿಳಿಯಬೇಕು. ರೇಖಾಗಣಿತಜ್ಞ ಯೂಕ್ಲಿಡ್ ಆ ಪದವನ್ನು ವೃತ್ತದ ಮಧ್ಯಬಿಂದುವೆಂಬ ಹೊಸ ಅರ್ಥದಲ್ಲಿ ಬಳಸಿ ಮುನ್ನೂರು ವರ್ಷಗಳ ಮೇಲಾಗಿದ್ದರೂ ಹಳೆಯದು ಸತ್ತಿರಲಿಲ್ಲ.

ಸೊಫೊಕ್ಲೀಸನ ಈಡಿಪಸ್ ನಾಟಕದ ಎರಡು ಸ್ಥಳಗಳನ್ನು ಒಟ್ಟಿಗೆ ಓದಿ. 809ನೆಯ ಸಾಲಿನಲ್ಲಿ ಈಡಿಪಸ್, ಮೂರು ದಾರಿ ಕೂಡುವಲ್ಲಿ ಗಾಡಿಯಲ್ಲಿದ್ದ ಮುದುಕನೊಬ್ಬ ಎರಡು ಮೊನೆಯ ಕೆಂತ್ರೊನಿನಿಂದ ತನ್ನ ತಲೆಯ ನಡುವೆ ಹೊಡೆದನೆಂದು ನೆನೆಯುತ್ತಾನೆ; ಆ ಮುದುಕನೇ ಅವನ ತಂದೆ. 1318ನೆಯ ಸಾಲಿನಲ್ಲಿ, ಹೆಂಡತಿಯೂ ತಾಯಿಯೂ ಆದವಳ ಉಡುಪಿನ ಕೊಕ್ಕೆಪಿನ್ನುಗಳಿಂದ ತನ್ನ ಕಣ್ಣುಗಳನ್ನು ಇರಿದುಕೊಂಡು ಹೊರಬಂದವನು ‘ಈ ಕೆಂತ್ರಗಳ’ ಚುಚ್ಚುವಿಕೆಯನ್ನೂ ಕೇಡಿನ ನೆನಪನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಕತೆಯ ಮೊದಲ ಪೆಟ್ಟಿಗೂ ಕೊನೆಯ ಪೆಟ್ಟಿಗೂ ನಾಟಕಕಾರ ಒಂದೇ ಪದವನ್ನು ಇಟ್ಟಿದ್ದಾನೆ. ಅನುವಾದಗಳಲ್ಲಿ ಒಂದು ಕಡೆ ಕೋಲು, ಇನ್ನೊಂದು ಕಡೆ ನೋವು ಎಂದಾಗಿಬಿಡುವುದರಿಂದ ಈ ಹೊಲಿಗೆ ಬಿಚ್ಚಿಹೋಗುತ್ತದೆ. ಮೂಲದ ಸಾಲುಸಂಖ್ಯೆಯನ್ನು ಹಿಡಿದು ಹೋಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹುಳುಗಳ ಕೊಂಡಿಗೂ ಇದೇ ಹೆಸರು. ಕ್ರಿ.ಪೂ. 422ರಲ್ಲಿ ರಂಗಕ್ಕೆ ಬಂದ ಅರಿಸ್ಟೊಫನೀಸನ ಕಣಜಗಳು ಎಂಬ ಹಾಸ್ಯನಾಟಕದಲ್ಲಿ, ತೀರ್ಪು ಕೊಡಲು ಹಪಹಪಿಸುವ ಅಥೆನ್ಸಿನ ಮುದುಕರು ಹಿಂಬದಿಗೆ ಕೊಂಡಿ ಕಟ್ಟಿಕೊಂಡು ಬರುತ್ತಾರೆ. ರಾಜಕಾರಣಿ ಪೆರಿಕ್ಲೀಸನ ಮಾತುಗಾರಿಕೆಯನ್ನು ವರ್ಣಿಸುತ್ತ ಯೂಪೊಲಿಸ್ ಎಂಬ ಹಾಸ್ಯಕವಿ, ಭಾಷಣಕಾರರಲ್ಲಿ ಅವನೊಬ್ಬನೇ ಕೇಳುಗರೊಳಗೆ ತನ್ನ ಕೆಂತ್ರೊನ್ ಬಿಟ್ಟುಹೋಗುತ್ತಿದ್ದ ಎಂದಿದ್ದಾನೆ. ಜೇನು ಕುಟುಕಿ ಹಾರಿದ ಮೇಲೂ ಮುಳ್ಳು ಚರ್ಮದೊಳಗೆ ಉಳಿದಿರುವುದನ್ನು ಕಂಡವರಿಗೆ ಈ ಹೊಗಳಿಕೆಗೆ ಟಿಪ್ಪಣಿ ಬೇಡ. ಪ್ಲೇಟೊ ತನ್ನ ರಿಪಬ್ಲಿಕ್ ಗ್ರಂಥದ ಎಂಟನೆಯ ಭಾಗದಲ್ಲಿ ಸಮಾಜದ ಸೋಮಾರಿಗಳನ್ನು ಕೊಂಡಿಯಿಲ್ಲದ ಗಂಡುಜೇನುಗಳೆಂದೂ ಕೊಂಡಿಯುಳ್ಳವೆಂದೂ ವಿಂಗಡಿಸಿ, ಮೊದಲಿನವರು ಭಿಕ್ಷುಕರಾಗುತ್ತಾರೆ, ಎರಡನೆಯವರು ಕಳ್ಳರಾಗುತ್ತಾರೆ ಎನ್ನುತ್ತಾನೆ. ಪ್ರೇಮದ ಮುಳ್ಳಿಗೆ ಯೂರಿಪಿಡೀಸನ ಹಿಪೊಲಿತಸ್ ನಾಟಕವನ್ನೂ, ಚಿತ್ರಹಿಂಸೆಯ ಉಪಕರಣಕ್ಕೆ ಹೆರೊಡೊಟಸನ ಮೂರನೆಯ ಪುಸ್ತಕದಲ್ಲಿ ದರಾಯಸ್ ದೊರೆ ಚಾವಟಿ ಮತ್ತು ಕೆಂತ್ರಗಳನ್ನು ತರಿಸುವ ಪ್ರಸಂಗವನ್ನೂ ನೋಡಬಹುದು.

ನಾಲ್ಕನೆಯ ಹೆಜ್ಜೆ: ಅರ್ಥ ಹೊರಳಿದ ಜಾಗವನ್ನು ಗುರುತಿಸಿ

ಈಗ ನಿಮ್ಮ ಕಲಮುಗಳಲ್ಲಿ ಒಂದು ಕಡೆ ಕೋಲು, ಕೊಂಡಿ, ಮುಳ್ಳುಗಳೂ ಇನ್ನೊಂದು ಕಡೆ ವೃತ್ತದ ಮಧ್ಯಬಿಂದುವೂ ಇರುತ್ತವೆ. ಇವೆರಡರ ನಡುವೆ ಸೇತುವೆಯೊಂದು ಇರಲೇಬೇಕು. ಸೇತುವೆಯನ್ನು ಊಹಿಸಿ ಕಟ್ಟಬೇಡಿ. ಎರಡೂ ಅರ್ಥಗಳು ಒಂದೇ ವಸ್ತುವಿನಲ್ಲಿ ಕೂಡುವ ವಾಕ್ಯವನ್ನು ಹುಡುಕಿ.

ರಿಪಬ್ಲಿಕ್ ಗ್ರಂಥದ ನಾಲ್ಕನೆಯ ಭಾಗದಲ್ಲಿ ಅಂಥ ವಾಕ್ಯವಿದೆ. ಒಂದೇ ವಸ್ತು ಏಕಕಾಲದಲ್ಲಿ ನಿಂತಿರಲೂ ಚಲಿಸುತ್ತಿರಲೂ ಸಾಧ್ಯವೇ ಎಂಬ ಚರ್ಚೆಯಲ್ಲಿ ಸಾಕ್ರೆಟಿಸ್ ಬುಗುರಿಯನ್ನು ಎತ್ತಿಕೊಳ್ಳುತ್ತಾನೆ: ಬುಗುರಿ ತನ್ನ ಕೆಂತ್ರೊನನ್ನು ಒಂದೇ ಜಾಗದಲ್ಲಿ ನೆಟ್ಟು ಗಿರಗಿರ ಸುತ್ತುತ್ತದೆ. ಇಲ್ಲಿನ ಕೆಂತ್ರೊನ್ ನಮ್ಮ ಬುಗುರಿಯ ಮೊಳೆ. ಅದು ಚುಚ್ಚುವ ಮೊನೆಯೂ ಹೌದು, ಸುತ್ತುವುದೆಲ್ಲವೂ ಯಾವುದರ ಸುತ್ತ ಸುತ್ತುತ್ತದೆಯೋ ಆ ಕದಲದ ಬಿಂದುವೂ ಹೌದು.

ಬುಗುರಿಯ ಮೊಳೆಯ ಕೆಲಸವನ್ನೇ ರೇಖಾಗಣಿತದಲ್ಲಿ ಕೈವಾರದ ಒಂದು ಕಾಲು ಮಾಡುತ್ತದೆ. ಒಂದು ಕಾಲಿನ ಮೊನೆ ಹಲಗೆಗೆ ಚುಚ್ಚಿಕೊಂಡು ನಿಲ್ಲುತ್ತದೆ, ಇನ್ನೊಂದು ಸುತ್ತು ಬರುತ್ತದೆ. ಚುಚ್ಚಿದ ಮೊನೆಯ ಹೆಸರೇ ಚುಚ್ಚಿದ ಜಾಗಕ್ಕೂ ಅಂಟಿತು. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ‘ಮೂಲತತ್ತ್ವಗಳು’ ಎಂಬ ಗ್ರಂಥದ ಮೊದಲ ಪುಸ್ತಕದ ಹದಿನೈದನೆಯ ವ್ಯಾಖ್ಯೆಯಲ್ಲಿ ವೃತ್ತವನ್ನು ವಿವರಿಸಿ, ಹದಿನಾರನೆಯದರಲ್ಲಿ ಆ ಬಿಂದುವಿಗೆ ಕೆಂತ್ರೊನ್ ಎನ್ನುತ್ತಾರೆ ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ಅಲ್ಲಿ ಮೊನೆಯಿಲ್ಲ, ನೋವಿಲ್ಲ, ಕೈವಾರದ ಮಾತೂ ಇಲ್ಲ. ಆರ್ಕಿಮಿಡೀಸ್ ಭಾರದ ಕೆಂತ್ರೊನ್ ಎಂಬ ಮಾತನ್ನು ಬಳಸಿದಾಗ ಪದ ಕೈವಾರವನ್ನೂ ಬಿಟ್ಟು ವಸ್ತುಗಳ ಒಳಗೆ ಸೇರಿತು. ನಮ್ಮ ಶಾಲೆಗಳ ಗುರುತ್ವ ಕೇಂದ್ರ ಅದೇ. ಭೂಮಿಯಿಂದ ಆಚೆ ಸರಿದ ಮಧ್ಯವುಳ್ಳ ಗ್ರಹಪಥಗಳಿಗೆ ಗ್ರೀಕ್ ಖಗೋಳಜ್ಞರು ‘ಎಕ್‌ಕೆಂತ್ರೊಸ್’ ಎಂದರು. ಇಂಗ್ಲಿಷಿನಲ್ಲಿ ತಿಕ್ಕಲು ಸ್ವಭಾವದವರನ್ನು ಎಕ್ಸೆಂಟ್ರಿಕ್ ಎನ್ನುವುದೂ, ನಾವು ದೀರ್ಘವೃತ್ತಕ್ಕೆ ಉತ್ಕೇಂದ್ರತೆಯನ್ನು ಹೇಳುವುದೂ ಅಲ್ಲಿಂದ.

ಪ್ರಸಂಗವಶಾತ್ ಒಂದು ಮಾತು: ಕೈವಾರಕ್ಕೆ ಗ್ರೀಕರ ಹೆಸರು ‘ದಿಯಬೇತೇಸ್’, ಅಂದರೆ ಕಾಲು ಅಗಲಿಸಿ ನಿಂತದ್ದು. ನೀರು ಸರಿದುಹೋಗುವ ಬಾಗುಕೊಳವೆಗೂ ಅದೇ ಹೆಸರಿದ್ದು, ಕುಡಿದ ನೀರೆಲ್ಲ ದೇಹದಿಂದ ಸರಿದುಹೋಗುವ ಕಾಯಿಲೆಗೂ ಅದೇ ಸಂದಿತು. ನಮ್ಮ ಮನೆಮನೆಯ ಡಯಾಬಿಟಿಸ್ ಅದು. ಒಂದು ಪದದ ಜಾಡಿನಲ್ಲಿ ಹೊರಟವರು ಇನ್ನೊಂದಕ್ಕೆ ಕಾಲೆಡವುವುದು ಸಾಮಾನ್ಯ. ಅಂಥವನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟು ಮುಖ್ಯ ದಾರಿಗೆ ಮರಳಿ.

ಹೊರಳಿದ ಜಾಗ ಸರಿಯೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ: ಇದೇ ಪದವನ್ನು ಎರವಲು ಪಡೆಯದೆ ಅನುವಾದಿಸಿಕೊಂಡ ಭಾಷೆಯನ್ನು ನೋಡುವುದು. ಯೂಕ್ಲಿಡನನ್ನು ಅರಬ್ಬಿ ಭಾಷೆಗೆ ತಂದ ವಿದ್ವಾಂಸರು ಕೆಂತ್ರೊನ್‌ಗೆ ‘ಮರ್ಕಜ್’ ಎಂಬ ಪದವನ್ನು ಇಟ್ಟರು. ಅದರ ಧಾತುವಿಗೆ ಈಟಿಯನ್ನು ನೆಲಕ್ಕೆ ನೆಡು ಎಂಬ ಅರ್ಥವಿದೆ. ನೆಟ್ಟ ಜಾಗವೇ ಮಧ್ಯ ಎಂಬ ಅದೇ ಚಿತ್ರ ಅಲ್ಲಿಯೂ ಮೂಡಿದೆ.

ಐದನೆಯ ಹೆಜ್ಜೆ: ಒಂದೇ ಕಾಲದ ಹಲವು ಅರ್ಥಗಳನ್ನು ಬೆರೆಸಬೇಡಿ

ಅರ್ಥಗಳು ಸಾಲಾಗಿ ಒಂದರ ನಂತರ ಒಂದು ಬಂದು, ಹಳೆಯದು ಹೊಸದಕ್ಕೆ ಜಾಗ ಬಿಟ್ಟು ಹೋಗುತ್ತದೆ ಎಂಬ ಭಾವನೆ ತಪ್ಪು. ಹೊಸ ಒಡಂಬಡಿಕೆಯಲ್ಲಿ ಕೆಂತ್ರೊನ್ ಒಂದು ಕಡೆ ಮುಳ್ಳುಗೋಲು, ಪ್ರಕಟನೆ ಎಂಬ ಪುಸ್ತಕದ ಒಂಬತ್ತನೆಯ ಅಧ್ಯಾಯದಲ್ಲಿ ಚೇಳಿನಂಥ ಬಾಲಗಳ ಕೊಂಡಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಮರಣದ ಕೊಂಡಿ. ಮರಣವೇ, ನಿನ್ನ ಕೊಂಡಿ ಎಲ್ಲಿ ಎಂದು ಕೇಳುವ ಆ ಸಾಲಿನ ಹಿಂದೆ ಹೋಶೇಯ ಪ್ರವಾದಿಯ ಗ್ರಂಥದ ಹಳೆಯ ಗ್ರೀಕ್ ಅನುವಾದವಿದೆ, ಅಲ್ಲಿಯೂ ಇದೇ ಪದ. ಕೆಲವು ಬೋಧಕರು ಇಲ್ಲಿ ಕೇಂದ್ರಬಿಂದುವನ್ನೂ ತಂದು ಸೇರಿಸಿ ಮರಣದ ಕೇಂದ್ರವೇ ಪಾಪ ಎಂದು ವ್ಯಾಖ್ಯಾನಿಸಿದರೆ ಅದು ಕೇಳಲು ಸೊಗಸು, ಪದಾರ್ಥವಾಗಿ ಸುಳ್ಳು. ವಾಕ್ಯದಲ್ಲಿ ಚೇಳು ಇದೆಯೋ ಎತ್ತು ಇದೆಯೋ ವೃತ್ತ ಇದೆಯೋ ನೋಡಿ, ಅದಕ್ಕೆ ಸಲ್ಲುವ ಒಂದೇ ಅರ್ಥವನ್ನು ಬರೆಯಿರಿ. ಹಳೆಯ ಅರ್ಥವೇ ನಿಜವಾದ ಅರ್ಥ ಎಂಬ ನಂಬಿಕೆಯನ್ನೂ ಇಲ್ಲಿಯೇ ಬಿಡಬೇಕು. ಹಾಗೆ ನಂಬಿದರೆ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದರೆ ಸೂಜಿ ಚುಚ್ಚುವ ಜಾಗ ಎಂದು ಹೇಳಬೇಕಾದೀತು; ತಮಾಷೆಗೆ ಸರಿ.

ಆರನೆಯ ಹೆಜ್ಜೆ: ಪದ ಗಡಿ ದಾಟಿದ್ದಕ್ಕೆ ಸಾಕ್ಷಿ ಕೊಡಿ

ಕೇಂದ್ರ ಗ್ರೀಕಿನಿಂದ ಬಂದದ್ದು ಎಂದು ಹೇಳಿದ ಕೂಡಲೇ ಯಾರಾದರೂ ಒಬ್ಬರು, ಇಲ್ಲ, ಸಂಸ್ಕೃತದಿಂದಲೇ ಗ್ರೀಕಿಗೆ ಹೋದದ್ದು ಎನ್ನುತ್ತಾರೆ. ಸಿಟ್ಟಾಗುವುದಕ್ಕಿಂತ ಸಾಕ್ಷಿಗಳನ್ನು ಜೋಡಿಸುವುದು ಒಳ್ಳೆಯದು.

ಮೊದಲನೆಯ ಸಾಕ್ಷಿ ವ್ಯುತ್ಪತ್ತಿಯದು. ಗ್ರೀಕಿನಲ್ಲಿ ಈ ಪದಕ್ಕೆ ಧಾತುವಿದೆ, ಕಸೂತಿಯಿಂದ ಕಸಿಯವರೆಗೆ ಹಬ್ಬಿದ ಬಳಗವಿದೆ. ಸಂಸ್ಕೃತದ ಕೇಂದ್ರಕ್ಕೆ ಅಂಥ ಬಳಗವಿಲ್ಲ, ಅದು ಜ್ಯೋತಿಷ ಗ್ರಂಥಗಳಲ್ಲಿ ಸಿದ್ಧರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮೋನಿಯರ್ ವಿಲಿಯಮ್ಸ್ ನಿಘಂಟು ಅದನ್ನು ಗ್ರೀಕಿನ ಎರವಲೆಂದೇ ಗುರುತಿಸಿದೆ.

ಎರಡನೆಯದು ಸಹಪ್ರಯಾಣಿಕರದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು. ಗ್ರೀಕ್ ಜ್ಯೋತಿಷದಲ್ಲಿ ಹನ್ನೆರಡು ಮನೆಗಳನ್ನು ಮೂರು ಗುಂಪು ಮಾಡುತ್ತಿದ್ದರು: ಉದಯ, ಅಸ್ತ, ನೆತ್ತಿ, ಪಾತಾಳ ಎಂಬ ನಾಲ್ಕು ಮೂಲೆಗಳು ಕೆಂತ್ರ, ಅವುಗಳ ಮುಂದಿನವು ಎಪನಫೊರ, ಅವುಗಳಿಗೂ ಮುಂದಿನ ಇಳಿಜಾರಿನ ಮನೆಗಳು ಅಪೊಕ್ಲಿಮ. ಈಗ ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದ ಮೊದಲ ಅಧ್ಯಾಯವನ್ನು ತೆರೆಯಿರಿ. ಅಲ್ಲಿ ಒಂದು, ನಾಲ್ಕು, ಏಳು, ಹತ್ತನೆಯ ಮನೆಗಳು ಕೇಂದ್ರ, ಅವುಗಳ ಮುಂದಿನವು ಪಣಫರ, ಆಮೇಲಿನವು ಆಪೋಕ್ಲಿಮ. ಅದೇ ಮೂರು ಪದ, ಅದೇ ಕ್ರಮ, ಅದೇ ಕೆಲಸ. ಏಳನೆಯ ಮನೆಗೆ ಇರುವ ಜಾಮಿತ್ರ ಎಂಬ ಹೆಸರು ಎದುರುಬದುರನ್ನು ಸೂಚಿಸುವ ‘ದಿಯಮೆತ್ರೊನ್’. ರಾಶಿಯ ಹತ್ತು ಭಾಗೆಯ ತುಂಡಾದ ದ್ರೇಕ್ಕಾಣ ‘ದೆಕನೊಸ್’. ಭಾಗೆಯ ಅರವತ್ತನೆಯ ಒಂದು ಪಾಲಾದ ಕಲೆಗೆ ಇನ್ನೊಂದು ಹೆಸರಾದ ಲಿಪ್ತ ‘ಲೆಪ್ತೊನ್’. ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ ಮುಂತಾದ ಗ್ರೀಕ್ ಮೂಲದ ಹೆಸರುಗಳನ್ನೂ ವರಾಹಮಿಹಿರ ಪಟ್ಟಿ ಮಾಡಿಕೊಟ್ಟಿದ್ದಾನೆ. ಒಂದೊಂದು ಪದದ ಬಗ್ಗೆ ವಾದ ಮಾಡಬಹುದು, ಗುಂಪಾಗಿ ಬಂದವರ ಬಗ್ಗೆ ಮಾಡಲಾಗದು.

ಮೂರನೆಯದು ಪಡೆದವರ ಒಪ್ಪಿಗೆ. ಬೃಹತ್ಸಂಹಿತೆಯಲ್ಲಿ ವರಾಹಮಿಹಿರ ಉದ್ಧರಿಸುವ ಒಂದು ಶ್ಲೋಕ, ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರು ಎನ್ನುತ್ತದೆ. ಸಾಲವನ್ನು ಸಾಲವೆಂದು ಒಪ್ಪುವುದರಲ್ಲಿ ಅವನಿಗಿಲ್ಲದ ಮುಜುಗರ ನಮಗೇಕೆ? ಗ್ರೀಕ್ ಜ್ಯೋತಿಷವನ್ನು ಸಂಸ್ಕೃತಕ್ಕೆ ತಂದ ಸ್ಫುಜಿಧ್ವಜನ ಯವನಜಾತಕವನ್ನು ಡೇವಿಡ್ ಪಿಂಗ್ರೀ 1978ರಲ್ಲಿ ಸಂಪಾದಿಸಿ ಪ್ರಕಟಿಸಿ, ಅದರ ಕಾಲವನ್ನು ಕ್ರಿ.ಶ. 269–270 ಎಂದು ನಿರ್ಣಯಿಸಿದ್ದರು. ಹಸ್ತಪ್ರತಿಗಳ ಮರುಓದಿನ ನಂತರ ಆ ನಿರ್ಣಯ ಗಟ್ಟಿಯಾಗಿ ಉಳಿದಿಲ್ಲ. ನಿಮ್ಮ ಕಾಲದ ಕಲಮಿನಲ್ಲಿ ಆ ಇಸವಿಯನ್ನು ಹಾಗೆಯೇ ಬರೆಯಬೇಡಿ.

ಇನ್ನು ಈ ಹುಡುಕಾಟದಲ್ಲಿ ನನಗೆ ಎಲ್ಲಕ್ಕಿಂತ ರುಚಿಸಿದ ಸಂಗತಿ. ಬೃಹಜ್ಜಾತಕದ ಅದೇ ಅಧ್ಯಾಯದಲ್ಲಿ ‘ಕಂಟಕಕೇಂದ್ರಚತುಷ್ಟಯಸಂಜ್ಞಾಃ ಸಪ್ತಮಲಗ್ನಚತುರ್ಥಖಭಾನಾಮ್’ ಎಂಬ ಸಾಲಿದೆ. ಏಳು, ಒಂದು, ನಾಲ್ಕು, ಹತ್ತನೆಯ ಮನೆಗಳಿಗೆ ಕಂಟಕ, ಕೇಂದ್ರ, ಚತುಷ್ಟಯ ಎಂಬ ಮೂರು ಹೆಸರುಗಳು ಎಂದು ಅರ್ಥ. ಚತುಷ್ಟಯ ಎಂದರೆ ನಾಲ್ಕರ ಗುಂಪು, ಕೇಂದ್ರ ಎರವಲು. ಕಂಟಕ, ಅಂದರೆ ಮುಳ್ಳು? ಮಧ್ಯಬಿಂದುವಿಗೂ ಮುಳ್ಳಿಗೂ ಸಂಸ್ಕೃತದಲ್ಲಿ ಏನೂ ಸಂಬಂಧವಿಲ್ಲ. ಕೆಂತ್ರೊನ್ ಎಂದರೆ ಮುಳ್ಳು, ಮೊನೆ ಎಂದು ಬಲ್ಲವರು ಯಾರೋ ಅದನ್ನು ಪದಶಃ ಅನುವಾದಿಸಿದ್ದರೆ ಮಾತ್ರ ಈ ಹೆಸರಿಗೆ ಅರ್ಥ ಬರುತ್ತದೆ. ಎರವಲೂ ಅನುವಾದವೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿವೆ ಎಂದು ನಾನು ಓದುತ್ತೇನೆ. ಜನ್ಮರಾಶಿಯಿಂದ ನಾಲ್ಕು, ಏಳು, ಹತ್ತನೆಯ ಮನೆಗಳಲ್ಲಿ ಶನಿ ಸಂಚರಿಸುವ ಕಾಲವನ್ನು ಕಂಟಕ ಶನಿ ಎಂದು ಎಣಿಸುವ ರೂಢಿ ನಮ್ಮಲ್ಲಿದೆ. ಕಂಟಕವೆಂದರೆ ಕಷ್ಟವೆಂದು ಜನ ಹೆದರುತ್ತಾರೆ. ಆದರೆ ಆ ಮನೆಗಳೆಲ್ಲ ವರಾಹಮಿಹಿರ ಕಂಟಕವೆಂದು ಕರೆದ ಮನೆಗಳೇ. ಫಲ ಏನೇ ಇರಲಿ, ಹೆಸರಿನ ಮುಳ್ಳು ಗ್ರೀಸಿನದು.

ಸಂಸ್ಕೃತದಲ್ಲಿ ಕೇಂದ್ರಕ್ಕೆ ಇನ್ನೂ ಒಂದು ಶಾಸ್ತ್ರೀಯ ಅರ್ಥವಿದೆ. ಸೂರ್ಯಸಿದ್ಧಾಂತದ ಗಣಿತದಲ್ಲಿ ಗ್ರಹಕ್ಕೂ ಅದರ ಉಚ್ಚಬಿಂದುವಿಗೂ ನಡುವಿನ ಕೋನವನ್ನು ಕೇಂದ್ರವೆನ್ನುತ್ತಾರೆ. ಮಂದೋಚ್ಚದಿಂದ ಎಣಿಸಿದರೆ ಮಂದಕೇಂದ್ರ, ಶೀಘ್ರೋಚ್ಚದಿಂದ ಎಣಿಸಿದರೆ ಶೀಘ್ರಕೇಂದ್ರ. ಪಂಚಾಂಗ ಗಣಿತವನ್ನು ಬಲ್ಲ ಹಿರಿಯರೊಡನೆ ಕೇಂದ್ರ ಎಂದರೆ ಅವರಿಗೆ ಮೊದಲು ಹೊಳೆಯುವುದು ಈ ಅರ್ಥವೇ ಇರಬಹುದು, ಮಾತನಾಡುವಾಗ ಎಚ್ಚರವಿರಲಿ.

ಏಳನೆಯ ಹೆಜ್ಜೆ: ಪಶ್ಚಿಮದ ದಾರಿಯನ್ನೂ ನಡೆದು ಬನ್ನಿ

ಇದು ಚಿಕ್ಕ ಹೆಜ್ಜೆ. ಕ್ರಿ.ಪೂ. ಮೊದಲ ಶತಮಾನದಲ್ಲಿ ರೋಮಿನ ಲೇಖಕ ಸಿಸೆರೊ ಭೂಮಿ ವಿಶ್ವದ ನಡುವಿನ ಬಿಂದುವಿನಂತಿದೆ ಎನ್ನುವಾಗ, ಗ್ರೀಕರು ಅದನ್ನು ಕೆಂತ್ರೊನ್ ಎನ್ನುತ್ತಾರೆ ಎಂದು ಪರಭಾಷೆಯ ಪದವಾಗಿಯೇ ತೋರಿಸುತ್ತಾನೆ. ಕಟ್ಟಡಶಿಲ್ಪದ ಬಗ್ಗೆ ಬರೆದ ವಿಟ್ರೂವಿಯಸನ ಲ್ಯಾಟಿನ್‌ನಲ್ಲಿ ಅದು ‘ಕೆಂಟ್ರುಮ್’ ಎಂಬ ಮನೆಯ ಪದವಾಗಿದೆ. ಅಲ್ಲಿಂದ ಫ್ರೆಂಚಿಗೆ, ಇಂಗ್ಲಿಷಿಗೆ ಬಂದು ಸೆಂಟರ್ ಆಯಿತು. ವೃತ್ತಚಲನೆಯಲ್ಲಿ ಒಳಗೆಳೆಯುವ ಬಲಕ್ಕೆ ನ್ಯೂಟನ್ 1687ರ ಗ್ರಂಥದಲ್ಲಿ ಲ್ಯಾಟಿನ್ ಪದದಿಂದ ಹೆಸರು ಕಟ್ಟಿದ. ನಮ್ಮವರು ಅದನ್ನು ಕೇಂದ್ರಾಭಿಮುಖ ಬಲ ಎಂದು ಕನ್ನಡಿಸಿದಾಗ, ಸುಮಾರು ಎರಡು ಸಾವಿರ ವರ್ಷ ಬೇರೆಬೇರೆಯಾಗಿದ್ದ ಎರಡು ಕವಲುಗಳು ಭೌತಶಾಸ್ತ್ರದ ಪಠ್ಯದಲ್ಲಿ ಮತ್ತೆ ಕೂಡಿದವು. ಕೇಂದ್ರ ಸರ್ಕಾರ, ಜಿಲ್ಲಾ ಕೇಂದ್ರ, ಪರೀಕ್ಷಾ ಕೇಂದ್ರ, ವಿಕೇಂದ್ರೀಕರಣ ಇವೆಲ್ಲವುಗಳ ಅರ್ಥ ಇಂಗ್ಲಿಷಿನ ಕವಲಿನದು, ಉಡುಪು ಸಂಸ್ಕೃತದ ಕವಲಿನದು. ಜಾತಕದ ಕೇಂದ್ರಸ್ಥಾನಕ್ಕೆ ಮಾತ್ರ ಇಂಗ್ಲಿಷಿನ ಸೋಂಕಿಲ್ಲ.

ಎಂಟನೆಯ ಹೆಜ್ಜೆ: ಸುಳ್ಳು ಜಾಡುಗಳನ್ನು ಅಳಿಸಿ

ಸೆಂಟರ್ ಇದ್ದಲ್ಲಿ ಸೆಂಚುರಿಯನ್ನೂ ಸೆಂಟಿಮೀಟರನ್ನೂ ಸೇರಿಸುವ ಆಸೆ ಸಹಜ. ಅವು ನೂರನ್ನು ಹೇಳುವ ಲ್ಯಾಟಿನ್ ‘ಕೆಂಟುಮ್’ ಬಳಗಕ್ಕೆ ಸೇರಿದವು, ನಮ್ಮ ಶತ ಅವುಗಳ ನೆಂಟ. ಮುಳ್ಳಿಗೂ ಅವಕ್ಕೂ ಸಂಬಂಧವಿಲ್ಲ. ಅರ್ಧ ಮನುಷ್ಯ ಅರ್ಧ ಕುದುರೆಯಾದ ಕೆಂತಾವ್ರೊಸ್ ಬಗ್ಗೆ ಪಲೈಫತೊಸ್ ಎಂಬ ಪ್ರಾಚೀನ ಗ್ರೀಕ್ ಲೇಖಕನೇ, ಗೂಳಿಗಳನ್ನು ಈಟಿಯಿಂದ ಚುಚ್ಚಿದ ಕುದುರೆಸವಾರರಿಂದ ಆ ಹೆಸರು ಬಂತೆಂದು ಕತೆ ಕಟ್ಟಿದ್ದಾನೆ. ಪ್ರಾಚೀನರು ಹೇಳಿದರೆಂಬ ಮಾತ್ರಕ್ಕೆ ವ್ಯುತ್ಪತ್ತಿ ನಿಜವಾಗುವುದಿಲ್ಲ. ವರಾಹಮಿಹಿರನೂ, ಗ್ರೀಕಿನಿಂದ ಬಂದ ಹೋರಾ ಎಂಬ ಪದ ಅಹೋರಾತ್ರದ ಮೊದಲ ಮತ್ತು ಕೊನೆಯ ಅಕ್ಷರಗಳು ಬಿದ್ದು ಉಳಿದದ್ದೆಂದು ಕೆಲವರು ಬಯಸುತ್ತಾರೆ ಎಂದು ಬರೆದಿದ್ದಾನೆ; ಕೆಲವರು ಎಂಬ ಅವನ ಎಚ್ಚರವನ್ನು ಗಮನಿಸಿ.

ಸದ್ದು ಹೋಲುವುದನ್ನು ನೆಚ್ಚಿ ದೂರ ಹೋದ ಪ್ರಸಂಗವೊಂದು ಕನ್ನಡಕ್ಕೇ ಸಂಬಂಧಿಸಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ರಾಜನೂ ಅವನ ಜನರೂ ಗ್ರೀಕರಿಗೆ ತಿಳಿಯದ ಮಾತನ್ನಾಡುತ್ತಾರೆ. ಅದು ಕನ್ನಡವೆಂದು ಹುಲ್ಟ್ಜ್ ಎಂಬ ವಿದ್ವಾಂಸರು ಮರುವರ್ಷವೇ ಸೂಚಿಸಿದರು, ನಮ್ಮ ಗೋವಿಂದ ಪೈಯವರೂ ಅದರಲ್ಲಿ ಆಸಕ್ತಿ ವಹಿಸಿದರು. ಆದರೆ ಎಲ್ಲರೂ ಒಪ್ಪುವ ಓದು ಇಂದಿಗೂ ಸಿದ್ಧವಾಗಿಲ್ಲ. ಧಾತು, ಬಳಗ, ಸಹಪ್ರಯಾಣಿಕರು, ದಾಖಲೆಯಾದ ದಾರಿ ಇವು ಕೇಂದ್ರಕ್ಕೆ ಇರುವಷ್ಟು ಅಲ್ಲಿಲ್ಲ.

ಕೊನೆಯ ಹೆಜ್ಜೆ: ಪೆನ್ಸಿಲಿನ ಮೇಲೆ ಶಾಯಿ ಹಾಕಿ

ಈಗ ನಾಲ್ಕನೆಯ ಕಲಮನ್ನು ಕಾಲಕ್ರಮದಲ್ಲಿ ತಿದ್ದಿ ಬರೆಯಿರಿ. ಪ್ರತಿ ಅರ್ಥದ ಮುಂದೆ ಒಂದೇ ಒಂದು ವಾಕ್ಯದ ಆಧಾರವಿರಲಿ: ಮೊನೆಗೋಲಿಗೆ ಇಲಿಯಡ್‌ನ ರಥದ ಓಟ, ಕೊಂಡಿಗೆ ಕಣಜಗಳು, ಕದಲದ ಮೊನೆಗೆ ಪ್ಲೇಟೊನ ಬುಗುರಿ, ಮಧ್ಯಬಿಂದುವಿಗೆ ಯೂಕ್ಲಿಡನ ಹದಿನಾರನೆಯ ವ್ಯಾಖ್ಯೆ, ನಾಲ್ಕು ಮನೆಗಳಿಗೆ ಬೃಹಜ್ಜಾತಕ. ಆಧಾರವಿಲ್ಲದ ಅರ್ಥ ಎಷ್ಟೇ ಚೆಂದವಿದ್ದರೂ ಹೊಡೆದುಹಾಕಿ. ನಿಮ್ಮ ಸ್ವಂತ ಊಹೆಯನ್ನು, ನಾನು ಕಂಟಕದ ಬಗ್ಗೆ ಮಾಡಿದಂತೆ, ಊಹೆಯೆಂದೇ ಗುರುತು ಮಾಡಿ ಬೇರೆ ಬಣ್ಣದಲ್ಲಿ ಬರೆಯಿರಿ.

ಮುಂದಿನ ಪದಕ್ಕೆ ಹೋಗುವವರು ಹೋರಾವನ್ನೇ ತೆಗೆದುಕೊಳ್ಳಬಹುದು. ಗ್ರೀಕಿನಲ್ಲಿ ಋತುವನ್ನೂ ಹೊತ್ತನ್ನೂ ಹೇಳುತ್ತಿದ್ದ ಆ ಪದ ಒಂದು ಕವಲಿನಲ್ಲಿ ಪಂಚಾಂಗದ ಹೋರೆಯಾಗಿ, ಇನ್ನೊಂದು ಕವಲಿನಲ್ಲಿ ಇಂಗ್ಲಿಷಿನ ಅವರ್ ಆಗಿ ನಮ್ಮ ಮನೆ ಸೇರಿದೆ. ನೋಟ್‌ಪುಸ್ತಕದಲ್ಲಿ ಮತ್ತೆ ನಾಲ್ಕು ಕಲಮು ಎಳೆದರಾಯಿತು.